ಡೊಳ್ಳಿನ ಪೆಟ್ಟು, ಪ್ಲಗಿನ್ನಿನ ಲೆಕ್ಕ

ಸೊರಬ ತಾಲ್ಲೂಕಿನ ಹೊಸಬಾಳೆಯಿಂದ ಬೆಂಗಳೂರಿಗೆ ಮುನ್ನೂರಕ್ಕೂ ಹೆಚ್ಚು ಕಿಲೋಮೀಟರು. ಕ್ಯಾಸೆಟ್ಟಿನ ಕಾಲದಲ್ಲಿ ಈ ಭಾಗದ ಹಾಡುಗಾರರು ತಮ್ಮ ಹಾಡು ಮುದ್ರಣವಾಗಬೇಕೆಂದರೆ ಆ ದಾರಿ ಹಿಡಿಯಬೇಕಿತ್ತು, ಇಲ್ಲವೇ ಭದ್ರಾವತಿಯ ಆಕಾಶವಾಣಿಯಿಂದ ಕರೆ ಬರುವುದನ್ನು ಕಾಯಬೇಕಿತ್ತು. ಈಗ ಶಿಕಾರಿಪುರದಲ್ಲೋ ಆನವಟ್ಟಿಯಲ್ಲೋ ಒಂದು ಲ್ಯಾಪ್‌ಟಾಪು, ಒಂದು ಆಡಿಯೊ ಇಂಟರ್‌ಫೇಸು, ಎರಡು ಮೈಕು ಇದ್ದರೆ ಸಾಕು. ಬೆಳಿಗ್ಗೆ ಹಾಡಿದ್ದು ಸಂಜೆಯೊಳಗೆ ಮಿಕ್ಸಿಂಗ್, ಮಾಸ್ಟರಿಂಗ್ ಮುಗಿಸಿಕೊಂಡು ಯೂಟ್ಯೂಬಿಗೆ ಏರುತ್ತದೆ. ಹಿಂದೆ ಸ್ಟುಡಿಯೊದ ಗೋಡೆ ತುಂಬ ಇರುತ್ತಿದ್ದ ಯಂತ್ರಗಳ ಕೆಲಸವನ್ನು ಈಗ ಮಾಡಿಕೊಡುವುದು ಪ್ಲಗಿನ್ ಎಂಬ ಪುಟ್ಟ ತಂತ್ರಾಂಶಗಳು.

ಇದರಿಂದ ಆದ ಲಾಭ ದೊಡ್ಡದು. ಅದನ್ನು ಕಡೆಗಣಿಸಿ ಹಳೆಯ ಕಾಲವನ್ನು ಹೊಗಳುವುದು ನನ್ನ ಉದ್ದೇಶವಲ್ಲ. ನನ್ನನ್ನು ಕಾಡುವ ಪ್ರಶ್ನೆ ಬೇರೆ. ಈ ತಂತ್ರಾಂಶಗಳನ್ನು ಬರೆದವರ ಕಿವಿ ಪಳಗಿದ್ದು ಗಿಟಾರು, ಡ್ರಮ್ ಸೆಟ್ಟು, ಪಾಪ್ ಗಾಯನಗಳಲ್ಲಿ. ಅವರು ಮೊದಲೇ ಹೊಂದಿಸಿಟ್ಟ ಪ್ರೀಸೆಟ್‌ಗಳು ಡೊಳ್ಳನ್ನು, ಯಕ್ಷಗಾನ ಭಾಗವತರ ಕಂಠವನ್ನು, ದೀಪಾವಳಿಯ ರಾತ್ರಿ ದೀಪ ಹಿಡಿದು ಮನೆಮನೆಗೆ ಹೋಗಿ ಹಾಡುವ ಅಂಟಿಗೆ-ಪಂಟಿಗೆಯ ತಂಡವನ್ನು ಕೇಳಿದವಲ್ಲ. ಅವನ್ನು ಕಣ್ಣುಮುಚ್ಚಿ ಹಾಕಿದರೆ ನಮ್ಮ ಹಾಡು ಏನಾಗುತ್ತದೆ?

ಉತ್ತರಕ್ಕೆ ಮೊದಲು ಸ್ವಲ್ಪ ಹಿನ್ನೆಲೆ. ಕನ್ನಡ ಚಿತ್ರಗೀತೆಗಳು ಬಹುಕಾಲ ಮದ್ರಾಸಿನಲ್ಲೇ ಮುದ್ರಣಗೊಂಡವು. ಶಂಕರ್ ನಾಗ್ ಬೆಂಗಳೂರಿನಲ್ಲಿ ಸಂಕೇತ್ ಸ್ಟುಡಿಯೊ ಕಟ್ಟಿದ್ದರ ಹಿಂದೆ ಈ ಪರಾವಲಂಬನೆಯಿಂದ ಬಿಡಿಸಿಕೊಳ್ಳುವ ಹಂಬಲವಿತ್ತು. 1978ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ‘ನಿತ್ಯೋತ್ಸವ’ ಕ್ಯಾಸೆಟ್ಟಾಗಿ ಬಂದ ಮೇಲೆ ಭಾವಗೀತೆ ಮನೆಮನೆಗೆ ಹೋಯಿತು. ಆದರೆ ಮುದ್ರಿಸುವ ಯಂತ್ರ ಮನೆಗೆ ಬಂದಿರಲಿಲ್ಲ. ಜರ್ಮನಿಯ ಇಎಂಟಿ ಕಂಪನಿ 1957ರಲ್ಲಿ ತಂದ ಪ್ಲೇಟ್ ರಿವರ್ಬ್ ಕ್ವಿಂಟಲ್‌ಗಟ್ಟಲೆ ತೂಗುವ ಪೆಟ್ಟಿಗೆ. ಒಳಗೆ ತೂಗುಬಿಟ್ಟ ಉಕ್ಕಿನ ತಗಡು ನಡುಗಿ ದನಿಗೆ ಗುಂಗು ಕೊಡುತ್ತಿತ್ತು. ಅಮೆರಿಕದ ಬಿಲ್ ಪಟ್ನಂ 1967ರ ಹೊತ್ತಿಗೆ ರೂಪಿಸಿದ 1176 ಎಂಬ ಕಂಪ್ರೆಸರ್ ಇವತ್ತಿಗೂ ಲಕ್ಷಗಟ್ಟಲೆ ಬೆಲೆಯ ವಸ್ತು. 1990ರ ದಶಕದ ಆರಂಭದಲ್ಲಿ ಇಸ್ರೇಲಿನ ವೇವ್ಸ್ ಕಂಪನಿ ಕ್ಯೂ10 ಎಂಬ ಈಕ್ವಲೈಸರನ್ನು ತಂತ್ರಾಂಶವಾಗಿ ಮಾರಾಟಕ್ಕಿಟ್ಟಿತು. 1996ರಲ್ಲಿ ಜರ್ಮನಿಯ ಸ್ಟೈನ್‌ಬರ್ಗ್ ಕಂಪನಿ ವಿಎಸ್‌ಟಿ ಎಂಬ ಮಾದರಿಯನ್ನು ತಂದು, ಬೇರೆಯವರೂ ಅದಕ್ಕೆ ಹೊಂದುವಂತೆ ಪ್ಲಗಿನ್ ಬರೆಯಲು ದಾರಿ ಬಿಟ್ಟುಕೊಟ್ಟಿತು. ಆಮೇಲೆ ಹೊಳೆ ಹರಿದಂತಾಯಿತು. ಇಎಂಟಿಯ ತಗಡೂ ಪಟ್ನಂ ಅವರ ಕಂಪ್ರೆಸರೂ ಈಗ ಪರದೆಯ ಮೇಲೆ ಗುಂಡಿಗಳ ಚಿತ್ರವಾಗಿ ಕುಳಿತಿವೆ.

ಮಿಕ್ಸಿಂಗಿನ ಮೊದಲ ಮೆಟ್ಟಿಲು ಈಕ್ವಲೈಸರ್, ಎಲ್ಲರ ಬಾಯಲ್ಲಿ ಇಕ್ಯೂ. ದನಿಯ ಯಾವ ಭಾಗ ಏರಬೇಕು, ಯಾವುದು ತಗ್ಗಬೇಕು ಎಂಬುದನ್ನು ಅದು ನಿರ್ಧರಿಸುತ್ತದೆ. ತಾಳವಾದ್ಯ ಕಂಡರೆ ಹೊಸಬರ ಕೈ ಹೋಗುವುದು ಕಿಕ್ ಡ್ರಮ್ಮಿನ ಪ್ರೀಸೆಟ್ಟಿಗೆ. ಅದು ಸಾಮಾನ್ಯವಾಗಿ 60 ಹರ್ಟ್ಸ್ ಸುತ್ತ ಏರಿಸುತ್ತದೆ, 300–400 ಹರ್ಟ್ಸ್ ಭಾಗವನ್ನು ಕೆಸರೆಂದು ತೋಡಿ ತೆಗೆಯುತ್ತದೆ, ಮೇಲೆ ಮೂರು-ನಾಲ್ಕು ಸಾವಿರದಲ್ಲಿ ಒಂದಿಷ್ಟು ಚುರುಕು ಸೇರಿಸುತ್ತದೆ. ಪಾಪ್ ಹಾಡಿನಲ್ಲಿ ಆ ನಡುವಿನ ಜಾಗ ಗಿಟಾರಿಗೂ ಕೀಬೋರ್ಡಿಗೂ ಬೇಕಾದ್ದರಿಂದ ಡ್ರಮ್ಮಿನಿಂದ ಕಿತ್ತುಕೊಳ್ಳುತ್ತಾರೆ. ಡೊಳ್ಳು ಕುಣಿತದಲ್ಲಿ ಗಿಟಾರೂ ಇಲ್ಲ, ಕೀಬೋರ್ಡೂ ಇಲ್ಲ. ಅಲ್ಲಿ ಡೊಳ್ಳೇ ಮೇಳ. ಮರದ ಹೊಟ್ಟೆಯ ತುಂಬು ದನಿ ಇರುವ ನಡುಭಾಗವನ್ನೇ ತೋಡಿಬಿಟ್ಟರೆ ಕೋಲಿನ ಟಕ್ ಟಕ್ ಉಳಿಯುತ್ತದೆ, ವಾದ್ಯ ಕಾಣೆಯಾಗುತ್ತದೆ.

ಇನ್ನೊಂದು ತೊಡಕು ಕೇಳುವ ಕಡೆಯದು. ನಮ್ಮ ಊರುಗಳಲ್ಲಿ ಈ ಹಾಡುಗಳನ್ನು ಬಹುಪಾಲು ಜನ ಕೇಳುವುದು ಮೊಬೈಲ್ ಫೋನಿನಲ್ಲಿ. ಫೋನಿನ ಪುಟ್ಟ ಸ್ಪೀಕರು 200–300 ಹರ್ಟ್ಸ್‌ಗಿಂತ ಕೆಳಗಿನದನ್ನು ಹೆಚ್ಚೇನೂ ನುಡಿಸಲಾರದು. 60 ಹರ್ಟ್ಸ್ ಎಷ್ಟು ಏರಿಸಿದರೂ ಅಲ್ಲಿ ಕೇಳುವುದಿಲ್ಲ, ಸದ್ದು ಮಿತಿ ಮೀರದಂತೆ ತಡೆಯುವ ಲಿಮಿಟರಿನ ಮೇಲೆ ಸುಮ್ಮನೆ ಭಾರ ಬೀಳುತ್ತದೆ. ಇಲ್ಲಿ ನೆರವಿಗೆ ಬರುವುದು ಸ್ಯಾಚುರೇಶನ್ ಪ್ಲಗಿನ್. ಅದು ಮೂಲ ಕಂಪನದ ಎರಡು ಪಟ್ಟು, ಮೂರು ಪಟ್ಟಿನ ಕಂಪನಗಳನ್ನು ಹುಟ್ಟಿಸುತ್ತದೆ. ಮೇಲಿನವು ಕೇಳಿದರೆ ಕೆಳಗಿನ ಮೂಲವನ್ನು ನಮ್ಮ ಮಿದುಳು ತಾನೇ ತುಂಬಿಕೊಳ್ಳುತ್ತದೆ. ಡೊಳ್ಳಿನ ಗುಡುಗನ್ನು ಫೋನಿನಲ್ಲಿ ಸ್ವಲ್ಪವಾದರೂ ಕೇಳಿಸಲು ನಾನು ಕಂಡ ಪ್ರಾಮಾಣಿಕ ದಾರಿ ಇದು. ಪ್ರಮಾಣ ಮಾತ್ರ ಹಿಡಿತದಲ್ಲಿರಬೇಕು.

ಕಂಪ್ರೆಸರಿನ ವಿಷಯಕ್ಕೆ ಬಂದರೆ ಸ್ವಲ್ಪ ನಿಂತು ಮಾತಾಡಬೇಕು, ಏಕೆಂದರೆ ಹೆಚ್ಚಿನ ಹಾನಿ ಆಗುವುದು ಇಲ್ಲೇ. ಜೋರಾದ ಸದ್ದನ್ನು ತಗ್ಗಿಸಿ, ಜೋರು-ಮೆದುಗಳ ನಡುವಿನ ಅಂತರ ಕಿರಿದಾಗಿಸುವುದು ಅದರ ಕೆಲಸ. ಸದ್ದು ಮಿತಿ ದಾಟಿದ ಎಷ್ಟು ಹೊತ್ತಿಗೆ ಅದು ಎಚ್ಚೆತ್ತುಕೊಳ್ಳಬೇಕು ಎಂಬುದನ್ನು ಅಟ್ಯಾಕ್ ಎಂಬ ಗುಂಡಿ ಹೇಳುತ್ತದೆ. ಒಂದು ಮಿಲಿಸೆಕೆಂಡಿಗೆ ಇಟ್ಟರೆ ಕೋಲು ಚರ್ಮಕ್ಕೆ ತಗುಲಿದ ಆ ಮೊದಲ ಪೆಟ್ಟೇ ಅಡಗಿಹೋಗುತ್ತದೆ. ಇಪ್ಪತ್ತು ಮೂವತ್ತು ಮಿಲಿಸೆಕೆಂಡಿಗೆ ಇಟ್ಟರೆ ಪೆಟ್ಟು ದಾಟಿ ಹೋದ ಮೇಲೆ ಹಿಂದಿನ ಮೊಳಗು ಮಾತ್ರ ತಗ್ಗುತ್ತದೆ. ಡೊಳ್ಳಿನ ಒಂದು ಮುಖಕ್ಕೆ ಕೋಲು, ಇನ್ನೊಂದಕ್ಕೆ ಅಂಗೈ. ಒಂದು ಮೊನಚು, ಇನ್ನೊಂದು ಗುಂಡನೆ. ಈ ಎರಡರ ಮಾತುಕತೆಯಲ್ಲೇ ಲಯದ ಜೀವ ಇರುವುದು. ಅವಸರದ ಕಂಪ್ರೆಸರು ಎರಡನ್ನೂ ಒಂದೇ ಎತ್ತರಕ್ಕೆ ತಂದು ನಿಲ್ಲಿಸಿದರೆ ಕೇಳುಗನಿಗೆ ಯಾವ ಕೈ ಏನು ಹೇಳಿತೆಂದು ತಿಳಿಯುವುದಿಲ್ಲ.

ಅದಕ್ಕಿಂತ ಸೂಕ್ಷ್ಮವಾದದ್ದು ಕುಣಿತದ ಏರಿಕೆ. ಡೊಳ್ಳಿನ ತಂಡ ನಿಧಾನವಾಗಿ ತೊಡಗಿ, ಗತಿ ಬದಲಿಸುತ್ತ, ಹೆಜ್ಜೆ ಚುರುಕಾಗುತ್ತ ಕೊನೆಗೆ ಎಲ್ಲರೂ ಒಟ್ಟಿಗೆ ಸಿಡಿಯುತ್ತಾರೆ. ಬೀರೇಶ್ವರನ ಮುಂದೆ ಇದನ್ನು ಕಂಡವರಿಗೆ ಆ ಕೊನೆಯ ಹತ್ತು ನಿಮಿಷ ಎದೆಗೆ ಬಡಿದದ್ದು ನೆನಪಿರುತ್ತದೆ. ಮಿಕ್ಸಿನಲ್ಲಿ ಮೊದಲ ನಿಮಿಷವೂ ಕೊನೆಯ ನಿಮಿಷವೂ ಒಂದೇ ಮಟ್ಟದಲ್ಲಿ ಕೇಳಿದರೆ ಆ ಏರಿಕೆಯನ್ನು ಕಟ್ಟಿದ ಹತ್ತು ಹನ್ನೆರಡು ಜನರ ಬೆವರಿಗೆ ಬೆಲೆಯೇನು? ನನ್ನ ಮಟ್ಟಿಗೆ ಇಲ್ಲಿ ಕಂಪ್ರೆಸರಿಗಿಂತ ಫೇಡರಿನ ಮೇಲೆ ಬೆರಳಿಟ್ಟು, ಹಾಡಿನ ಜೊತೆ ಜೊತೆಗೇ ಮಟ್ಟ ಏರಿಳಿಸುವ ಹಳೆಯ ಪದ್ಧತಿಯೇ ಮೇಲು. ಈಗಿನ ತಂತ್ರಾಂಶಗಳಲ್ಲಿ ಆ ಬೆರಳಿನ ಚಲನೆಯನ್ನೇ ಆಟೊಮೇಶನ್ ಎಂದು ಬರೆದಿಡಬಹುದು. ತಾಳ್ಮೆ ಬೇಕು, ಅಷ್ಟೆ.

ಪ್ಲಗಿನ್ ಸರಿಪಡಿಸಲಾರದ್ದು ಮುದ್ರಣದಲ್ಲಿ ಆದ ತಪ್ಪು. ದನಿ ಸೆಕೆಂಡಿಗೆ ಸುಮಾರು 343 ಮೀಟರು ಸಾಗುತ್ತದೆ. ಒಂದು ಮೀಟರು ದೂರದ ಮೈಕಿಗೆ ಅದೇ ಪೆಟ್ಟು ಸುಮಾರು ಮೂರು ಮಿಲಿಸೆಕೆಂಡು ತಡವಾಗಿ ತಲುಪುತ್ತದೆ. ಹತ್ತು ಡೊಳ್ಳಿಗೆ ಆರು ಮೈಕಿಟ್ಟರೆ ಪ್ರತಿ ಪೆಟ್ಟೂ ಆರು ಬಾರಿ, ಬೇರೆ ಬೇರೆ ಹೊತ್ತಿಗೆ ದಾಖಲಾಗುತ್ತದೆ. ಅವನ್ನು ಕೂಡಿಸಿದಾಗ ಕೆಲವು ಕಂಪನಗಳು ಒಂದನ್ನೊಂದು ಹೊಡೆದುಹಾಕಿ ದನಿ ಟೊಳ್ಳಾಗುತ್ತದೆ. ಎತ್ತರದಲ್ಲಿ ಎರಡೇ ಮೈಕಿಟ್ಟು, ತಂಡವನ್ನು ಅರ್ಧವೃತ್ತದಲ್ಲಿ ನಿಲ್ಲಿಸಿ ಮುದ್ರಿಸಿದ್ದು ಎಷ್ಟೋ ಸಲ ಹೆಚ್ಚು ನಿಜವಾಗಿರುತ್ತದೆ. ಈಚೆಗೆ ಬಂದಿರುವ 32 ಬಿಟ್ ಫ್ಲೋಟ್ ರೆಕಾರ್ಡರ್‌ಗಳು ಡೊಳ್ಳಿನವರಿಗೆ ನಿಜಕ್ಕೂ ವರ. ಮಟ್ಟ ಹೆಚ್ಚಿಟ್ಟೆವೋ ಕಡಿಮೆ ಇಟ್ಟೆವೋ ಎಂಬ ಆತಂಕ ಅದರಲ್ಲಿ ಬಹುಮಟ್ಟಿಗೆ ಇಲ್ಲ. ಕೊನೆಯ ಸಿಡಿತದಲ್ಲಿ ದನಿ ಒಡೆದಂತೆ ಕಂಡರೂ, ಮೈಕೇ ಸೋತಿಲ್ಲವಾದರೆ, ಆಮೇಲೆ ತಗ್ಗಿಸಿಕೊಂಡಾಗ ಪೂರ್ತಿ ಸಿಗುತ್ತದೆ.

ಸ್ಥಳದಲ್ಲೇ ಹಿಡಿದ ದನಿ ಯಾವುದು, ಆಮೇಲೆ ಕಟ್ಟಿದ್ದು ಯಾವುದು ಎಂಬ ಪ್ರಶ್ನೆ ರಾಷ್ಟ್ರಮಟ್ಟದಲ್ಲಿ ಎದ್ದದ್ದೂ ಈ ವಾದ್ಯದ ಹೆಸರಿನ ಸಿನಿಮಾದ ಸುತ್ತಲೇ. ಸಾಗರ್ ಪುರಾಣಿಕ್ ನಿರ್ದೇಶನದ ‘ಡೊಳ್ಳು’ ಚಿತ್ರಕ್ಕೆ 2022ರಲ್ಲಿ ಪ್ರಕಟವಾದ 68ನೆಯ ರಾಷ್ಟ್ರಪ್ರಶಸ್ತಿಗಳಲ್ಲಿ ಅತ್ಯುತ್ತಮ ಕನ್ನಡ ಚಿತ್ರದ ಗೌರವದ ಜೊತೆಗೆ ಸ್ಥಳದಲ್ಲಿನ ಧ್ವನಿಗ್ರಹಣಕ್ಕೂ ಪ್ರಶಸ್ತಿ ಬಂತು. ಚಿತ್ರದ ಧ್ವನಿ ವಿನ್ಯಾಸಕರೇ ಮುಂದೆ ಬಂದು, ಇದು ಡಬ್ಬಿಂಗ್ ಮಾಡಿದ ಚಿತ್ರ ಎಂದರು. ಪ್ರಶಸ್ತಿ ಯಾರಿಗೆ ಸಲ್ಲಬೇಕಿತ್ತೆಂಬ ಚರ್ಚೆ ಹಾಗಿರಲಿ. ಸ್ಟುಡಿಯೊದಲ್ಲಿ ಕಟ್ಟಿದ ದನಿಯನ್ನು ಬಯಲಿನ ದನಿಯಿಂದ ಬೇರ್ಪಡಿಸುವುದು ನುರಿತವರಿಗೂ ಕಷ್ಟವಾಗುವಷ್ಟು ಉಪಕರಣಗಳು ಬೆಳೆದಿವೆ ಎಂಬುದು ಅದರಿಂದ ಸ್ಪಷ್ಟವಾಯಿತು.

ಇನ್ನು ಸ್ವರ ತಿದ್ದುವ ಪ್ಲಗಿನ್. ಭೂಗರ್ಭದಲ್ಲಿ ಎಣ್ಣೆ ಹುಡುಕುವ ಕಂಪನ ವಿಶ್ಲೇಷಣೆಯಲ್ಲಿ ಪಳಗಿದ್ದ ಆಂಡಿ ಹಿಲ್ಡೆಬ್ರಾಂಡ್ ಅದೇ ಬಗೆಯ ಗಣಿತವನ್ನು ಕಂಠಕ್ಕೆ ಒಗ್ಗಿಸಿ 1997ರಲ್ಲಿ ಆಟೋಟ್ಯೂನ್ ತಂದರು. ಮರುವರ್ಷ ಬಂದ ಚೆರ್ ಅವರ ‘ಬಿಲೀವ್’ ಹಾಡು ಅದನ್ನು ಜಗತ್ತಿಗೆಲ್ಲ ಪರಿಚಯಿಸಿತು. ಜರ್ಮನಿಯ ಮೆಲೊಡೈನ್ ಇನ್ನೂ ಮುಂದೆ ಹೋಗಿ, ಪ್ರತಿ ಸ್ವರವನ್ನೂ ಪರದೆಯ ಮೇಲೆ ಗೆಡ್ಡೆಯಂತೆ ತೋರಿಸಿ ಬೆರಳಲ್ಲಿ ಎಳೆಯಲು ಕೊಟ್ಟಿತು. ಇವೆರಡೂ ಸುಮ್ಮನೆ ಬಿಟ್ಟರೆ ನಂಬುವುದು ಪಿಯಾನೊದ ಹನ್ನೆರಡು ಸಮಪಾಲುಗಳನ್ನು. ಅಲ್ಲಿ ಪಕ್ಕದ ಸ್ವರಕ್ಕೂ ಇದಕ್ಕೂ 100 ಸೆಂಟಿನ ಅಂತರ. ಷಡ್ಜದಿಂದ ಅಂತರ ಗಾಂಧಾರಕ್ಕೆ ಆ ಲೆಕ್ಕದಲ್ಲಿ 400 ಸೆಂಟು. ತಂಬೂರಿಯ ಜೊತೆ ಕುಳಿತು ಹಾಡುವವರ ಕಿವಿ ಒಪ್ಪುವ ಅಂತರ ಗಾಂಧಾರ ಸುಮಾರು 386. ಹದಿನಾಲ್ಕು ಸೆಂಟಿನ ಈ ವ್ಯತ್ಯಾಸವನ್ನು ತಂತ್ರಾಂಶ ತಪ್ಪೆಂದು ತಿಳಿದು ತಿದ್ದುತ್ತದೆ. ತಿದ್ದಿದ ಮೇಲೆ ದನಿ ತಂಬೂರಿಯಿಂದ ಬೇರೆಯಾಗಿ ನಿಲ್ಲುತ್ತದೆ.

ಗಮಕದ ವಿಷಯದಲ್ಲಿ ಕಷ್ಟ ಹೆಚ್ಚು. ಸ್ವರದಿಂದ ಸ್ವರಕ್ಕೆ ಜಾರುವುದು, ಸ್ವರದ ಮೇಲೆಯೇ ತೂಗುವುದು ನಮ್ಮಲ್ಲಿ ರಾಗದ ಮೈ. ತಿದ್ದುವ ವೇಗ ಹೆಚ್ಚಿಟ್ಟರೆ ಆ ಜಾರು ಮೆಟ್ಟಿಲಾಗಿ ಒಡೆಯುತ್ತದೆ. ಬಡಗುತಿಟ್ಟಿನ ಭಾಗವತರು ಪದದ ಕೊನೆಗೆ ಎತ್ತುವ ಆ ಉದ್ದನೆಯ ದನಿ ಒಂದೇ ಸ್ವರದಲ್ಲಿ ಮೊಳೆ ಹೊಡೆದಂತೆ ನಿಂತಿರುವುದಿಲ್ಲ. ನಾಟಿ ಗದ್ದೆಯಲ್ಲಿ, ಮದುವೆಯ ಶಾಸ್ತ್ರದಲ್ಲಿ ಹಾಡುವ ಹೆಂಗಸರ ಗುಂಪಿನಲ್ಲಿ ಪ್ರತಿಯೊಬ್ಬರೂ ಸ್ವರದ ಸುತ್ತ ಕೂದಲೆಳೆಯಷ್ಟು ಆಚೀಚೆ ಇರುತ್ತಾರೆ. ಅದರಿಂದಲೇ ಗುಂಪಿನ ದನಿಗೆ ಅಗಲ ಬರುವುದು. ಹತ್ತು ಜನರನ್ನೂ ಒಂದೇ ಗೆರೆಗೆ ಎಳೆದರೆ ಒಬ್ಬಳೇ ಹಾಡಿದಂತೆ ಕೇಳುತ್ತದೆ. ಅಲ್ಲದೆ ಈ ಹಾಡುಗಾರರ ಆಧಾರ ಷಡ್ಜ ಹಾರ್ಮೋನಿಯಂನ ಕಪ್ಪು ಎರಡಕ್ಕೋ ಬಿಳಿ ಐದಕ್ಕೋ ಸರಿಯಾಗಿ ಕೂರಬೇಕೆಂದೇನೂ ಇಲ್ಲ, ಅಂದಿನ ಗಂಟಲು ಹೇಳಿದಲ್ಲಿ ಕೂರುತ್ತದೆ. ತಂತ್ರಾಂಶಕ್ಕೆ ಆಧಾರವನ್ನು ಕೈಯಾರೆ ಹೇಳಿಕೊಡದಿದ್ದರೆ ಅದು ಇಡೀ ಹಾಡನ್ನು ಹತ್ತಿರದ ಪಿಯಾನೊ ಮನೆಗೆ ನೂಕುತ್ತದೆ.

ಇಂಥದೊಂದು ಜಗಳವನ್ನು ಭಾರತೀಯ ಸಂಗೀತ ಹಿಂದೆಯೂ ಕಂಡಿದೆ. ಹಾರ್ಮೋನಿಯಂನ ಮನೆಗಳು ನಮ್ಮ ಸ್ವರಗಳಿಗೆ ಹೊಂದುವುದಿಲ್ಲ, ಗಮಕ ಅದರಲ್ಲಿ ಹುಟ್ಟುವುದಿಲ್ಲ ಎಂದು ಆಕಾಶವಾಣಿ 1940ರಲ್ಲಿ ಅದನ್ನು ಹೊರಗಿಟ್ಟಿತು. ನಿಷೇಧ ಸಡಿಲವಾದದ್ದು 1971ರಲ್ಲಿ. ಅಷ್ಟರಲ್ಲಿ ರಂಗಭೂಮಿ, ಭಜನೆ, ಯಕ್ಷಗಾನ ಎಲ್ಲ ಕಡೆ ಹಾರ್ಮೋನಿಯಂ ನೆಲೆಯೂರಿತ್ತು, ಜನ ಅದರ ಮಿತಿಯೊಳಗೇ ಹಾಡುವ ಜಾಣ್ಮೆ ಕಂಡುಕೊಂಡಿದ್ದರು. ಹಾಗಾಗಿ ಆಟೋಟ್ಯೂನನ್ನು ನಿಷೇಧಿಸಿ ಎಂದು ನಾನು ಹೇಳಲಾರೆ. ಆದರೆ ಒಂದು ವ್ಯತ್ಯಾಸ ಗಮನಿಸಬೇಕು. ಹಾರ್ಮೋನಿಯಂ ಗಾಯಕನ ಪಕ್ಕ ಕೂರುತ್ತಿತ್ತು, ಗಾಯಕ ಅದರಿಂದ ಬೇಕಾದಾಗ ದೂರ ಸರಿಯಬಹುದಿತ್ತು. ಈ ಪ್ಲಗಿನ್ ಗಾಯಕನ ಗಂಟಲೊಳಗೆ ಕೂರುತ್ತದೆ, ಅದೂ ಆತ ಮನೆಗೆ ಹೋದ ಮೇಲೆ. ತಿದ್ದುವುದಿದ್ದರೆ ಹಾಡಿದವರನ್ನು ಕೂರಿಸಿಕೊಂಡು, ಕೇಳಿಸಿ, ಒಪ್ಪಿಗೆ ಪಡೆದು ತಿದ್ದಬೇಕು. ಸಂಬಳಕ್ಕೋ ಮಾನಕ್ಕೋ ಹಾಡುವ ಹಳ್ಳಿಯ ಕಲಾವಿದರಿಗೆ ಈ ಗೌರವ ಈಗ ಸಿಗುತ್ತಿಲ್ಲ ಎಂಬುದು ನನ್ನ ತಕರಾರು.

ರಿವರ್ಬ್, ಅಂದರೆ ಜಾಗದ ಗುಂಗು, ಇವುಗಳಲ್ಲೆಲ್ಲ ನನಗೆ ಹೆಚ್ಚು ಆಸೆ ಹುಟ್ಟಿಸುವ ಸಾಧನ. ಕನ್ವಲ್ಯೂಶನ್ ರಿವರ್ಬ್ ಎಂಬ ಬಗೆಯೊಂದಿದೆ. ಒಂದು ಕಟ್ಟಡದೊಳಗೆ ಕೆಳಸ್ವರದಿಂದ ಮೇಲುಸ್ವರಕ್ಕೆ ಏರುವ ಒಂದು ಉದ್ದನೆಯ ಸದ್ದು ನುಡಿಸಿ, ಅದು ಗೋಡೆಗಳಿಂದ ಮರಳಿದ್ದನ್ನು ಮುದ್ರಿಸಿಕೊಂಡರೆ ಆ ಜಾಗದ ಸ್ವಭಾವ ಒಂದು ಸಣ್ಣ ಕಡತವಾಗುತ್ತದೆ. ಆಮೇಲೆ ಎಲ್ಲಿ ಹಾಡಿದ್ದನ್ನಾದರೂ ಆ ಜಾಗದಲ್ಲಿ ಹಾಡಿದಂತೆ ಕೇಳಿಸಬಹುದು. ಇಂಥ ಪ್ಲಗಿನ್‌ಗಳಲ್ಲಿ ಯೂರೋಪಿನ ಇಗರ್ಜಿಗಳೂ ಸಂಗೀತ ಸಭಾಂಗಣಗಳೂ ಸಾಲುಗಟ್ಟಿವೆ. ನಮ್ಮವರು ಅಲ್ಲಮನ ವಚನಕ್ಕೂ ಅಕ್ಕಮಹಾದೇವಿಯ ವಚನಕ್ಕೂ ಅವನ್ನೇ ಹಾಕುತ್ತಾರೆ. ಅಲ್ಲಮನ ಬಳ್ಳಿಗಾವಿ, ಅಕ್ಕನ ಉಡುತಡಿ ಎರಡೂ ಶಿಕಾರಿಪುರ ತಾಲ್ಲೂಕಿನಲ್ಲೇ ಇವೆ. ಬಳ್ಳಿಗಾವಿಯ ಕೇದಾರೇಶ್ವರ ಮೂರು ಗರ್ಭಗುಡಿಗಳ ಕಲ್ಲಿನ ದೇಗುಲ. ಅದರ ನವರಂಗದಲ್ಲಿ ನಿಂತು ಒಂದು ಮಾತಾಡಿದರೂ ಕಲ್ಲು ಅದನ್ನು ತನ್ನದೇ ಬಗೆಯಲ್ಲಿ ಹಿಂದಿರುಗಿಸುತ್ತದೆ. ಪುರಾತತ್ವ ಇಲಾಖೆಯ ಅನುಮತಿ ಪಡೆದು ಆ ಗುಂಗನ್ನು ಹಿಡಿದಿಡುವುದು ಒಂದು ಬೆಳಗಿನ ಕೆಲಸ. ಬೇಕಾಗುವುದು ಒಂದು ಸ್ಪೀಕರು, ಒಂದು ರೆಕಾರ್ಡರು. ಒಂದು ಕಾಲೇಜೋ ಜಾನಪದ ವಿಭಾಗವೋ ಮನಸ್ಸು ಮಾಡಿದರೆ ಕರ್ನಾಟಕದ ದೇಗುಲ, ಮಸೀದಿ, ಬಸದಿ, ಹೆಂಚಿನ ಮನೆಯ ಜಗಲಿಗಳ ಗುಂಗಿನ ಕಡತಗಳು ಎಲ್ಲರಿಗೂ ಉಚಿತವಾಗಿ ಸಿಗುವಂತಾಗುತ್ತದೆ.

ಅಷ್ಟಾದರೂ ಅಂಟಿಗೆ-ಪಂಟಿಗೆಗೆ ಯಾವ ಗುಂಗೂ ಹಾಕಬಾರದೆಂದೇ ನನ್ನ ವಾದ. ಅದು ಅಂಗಳದ ಹಾಡು, ಮೇಲೆ ಆಕಾಶ. ಗುಂಗು ಹಾಕಿದ ಕೂಡಲೇ ಹಾಡುಗಾರರು ಕಟ್ಟಡದೊಳಗೆ ಹೊಕ್ಕಂತಾಗುತ್ತದೆ.

ಸದ್ದು ತೆಗೆಯುವ ಪ್ಲಗಿನ್‌ಗಳ ಬಗ್ಗೆಯೂ ಎಚ್ಚರ ಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ತಗಡಿನ ಮಾಡಿನ ಕೆಳಗೆ ಮುದ್ರಿಸಿದರೆ ಮಳೆಯ ಸದ್ದು ಬಂದೇ ಬರುತ್ತದೆ. ಅದನ್ನು ಒರೆಸುವ ಹೊಸ ತಂತ್ರಾಂಶಗಳಲ್ಲಿ ಹಲವು ಮಾತಿನ ದನಿ ಕೇಳಿ ಕಲಿತವು. ಮಾತಲ್ಲದ, ಎಡೆಬಿಡದೆ ನುಡಿಯುವ ಎಲ್ಲವೂ ಅವಕ್ಕೆ ಕಸ. ತಂಬೂರಿಯ ನಾದ, ಶ್ರುತಿಪೆಟ್ಟಿಗೆ, ಗೆಜ್ಜೆ ಕೂಡ ಆ ಕಸದಲ್ಲಿ ಸೇರಿಹೋಗುತ್ತವೆ. ಹಳೆಯ ಕ್ಯಾಸೆಟ್ಟಿನಿಂದ ಕಂಠವನ್ನು ಬೇರ್ಪಡಿಸುವ ಸ್ಪ್ಲೀಟರ್ ಎಂಬ ತಂತ್ರಾಂಶ 2019ರಲ್ಲಿ ಬಂತು, ಡೆಮಕ್ಸ್ ಕೂಡ ಅದೇ ಹೊತ್ತಿಗೆ. ಇವು ಸಾಮಾನ್ಯವಾಗಿ ಜಗತ್ತನ್ನು ನಾಲ್ಕು ಪಾಲು ಮಾಡುತ್ತವೆ: ಕಂಠ, ಡ್ರಮ್, ಬೇಸ್, ಉಳಿದದ್ದು. ಈ ಕ್ಷೇತ್ರದಲ್ಲಿ ಬಹುವಾಗಿ ಬಳಕೆಯಲ್ಲಿರುವ ಮಾದರಿ ಸಂಗ್ರಹದಲ್ಲಿ ಇರುವುದು 150 ಹಾಡು, ಬಹುಪಾಲು ಪಾಶ್ಚಾತ್ಯ ಶೈಲಿಯವು. ಮದ್ದಳೆಗೆ ಸ್ವರವೂ ಇದೆ, ಪೆಟ್ಟೂ ಇದೆ. ಅದನ್ನು ಡ್ರಮ್ಮಿಗೆ ಹಾಕಬೇಕೋ ಬೇಸಿಗೆ ಹಾಕಬೇಕೋ ತಿಳಿಯದೆ ತಂತ್ರಾಂಶ ಎರಡಕ್ಕೂ ಹರಿದು ಹಂಚುತ್ತದೆ. ನಮ್ಮ ವಾದ್ಯಗಳನ್ನು ಬಿಡಿಬಿಡಿಯಾಗಿ ಮುದ್ರಿಸಿ ಕಲಿಕೆಗೆ ಒದಗಿಸುವವರೆಗೆ ಇದು ಸರಿಹೋಗುವುದಿಲ್ಲ. ಹಾಗಿದ್ದೂ ಕೆಟ್ಟುಹೋದ ಒಂದು ಹಳೆಯ ಕ್ಯಾಸೆಟ್ಟಿನಿಂದ ತೀರಿಕೊಂಡ ಅಜ್ಜಿಯ ದನಿ ಅಷ್ಟಿಷ್ಟಾದರೂ ಬಿಡಿಯಾಗಿ ಕೇಳಿದಾಗ ಆ ಮನೆಯವರಿಗಾಗುವ ಸಂತೋಷವನ್ನು ನಾನು ಕಡಿಮೆ ಎಣಿಸುವುದಿಲ್ಲ.

ಮಾಸ್ಟರಿಂಗ್ ಎಂದರೆ ಕೊನೆಯ ಹದ. ಅಲ್ಲಿ ನಡೆದಿರುವುದು ಜೋರಿನ ಪೈಪೋಟಿ. ಲಿಮಿಟರ್ ಹಾಕಿ ಎಲ್ಲವನ್ನೂ ಮೇಲಕ್ಕೆ ನೂಕಿದರೆ ಪಕ್ಕದ ಹಾಡಿಗಿಂತ ನಮ್ಮದು ಜೋರಾಗಿ ಕೇಳುತ್ತದೆಂಬ ನಂಬಿಕೆ. 2008ರಲ್ಲಿ ಮೆಟಾಲಿಕಾ ತಂಡದ ‘ಡೆತ್ ಮ್ಯಾಗ್ನೆಟಿಕ್’ ಬಂದಾಗ ಅದು ಒಡಕಾಗಿ ಕೇಳುತ್ತದೆಂದು ಅಭಿಮಾನಿಗಳೇ ಸಿಡಿದೆದ್ದರು. ಕಿವಿಗೆ ತೋರುವ ಜೋರನ್ನು ಅಳೆಯುವ ಮಾನವನ್ನು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 2006ರಲ್ಲೇ ಗೊತ್ತುಮಾಡಿತ್ತು, ಯೂರೋಪಿನ ಪ್ರಸಾರ ಸಂಸ್ಥೆಗಳು 2010ರಲ್ಲಿ ಅದನ್ನು ನಿಯಮ ಮಾಡಿಕೊಂಡವು. ಅದರ ಅಳತೆ ಲಫ್ಸ್. ಇವತ್ತು ಸ್ಪಾಟಿಫೈ, ಯೂಟ್ಯೂಬ್ ಎರಡೂ ಮೈನಸ್ 14 ಲಫ್ಸ್ ಆಸುಪಾಸಿಗೆ ಹಾಡನ್ನು ತಗ್ಗಿಸುತ್ತವೆ. ನಾವು ಮೈನಸ್ 8ಕ್ಕೆ ಉಬ್ಬಿಸಿ ಕಳಿಸಿದರೆ ಅವರು ಆರು ಡೆಸಿಬಲ್ ಇಳಿಸುತ್ತಾರೆ. ಜೋರು ಹೋಗುತ್ತದೆ, ಹಿಂಡಿದ್ದು ಮಾತ್ರ ಉಳಿಯುತ್ತದೆ. ಡೊಳ್ಳಿನಂಥ ಪೆಟ್ಟಿನ ವಾದ್ಯಕ್ಕೆ ಇದಕ್ಕಿಂತ ನಷ್ಟದ ವ್ಯಾಪಾರವಿಲ್ಲ. ಜಾತ್ರೆಯ ಧ್ವನಿವರ್ಧಕದಲ್ಲಿ ಹಾಕುವ ಹಾಡಿಗೆ ಇನ್ನೊಂದು ಮಾತು: ಅಲ್ಲಿ ಎಡ-ಬಲ ಎರಡೂ ಸೇರಿ ಒಂದೇ ದನಿಯಾಗಿ ಹೊರಡುತ್ತದೆ. ಅಗಲ ಮಾಡುವ ಪ್ಲಗಿನ್ ಹಾಕಿದ ಕೋರಸ್ಸು ಹಾಗೆ ಕೂಡಿದಾಗ ಕರಗಿಹೋಗಬಹುದು. ಮೊನೊ ಗುಂಡಿ ಒತ್ತಿ ಒಮ್ಮೆ ಕೇಳುವುದಕ್ಕೆ ಖರ್ಚಿಲ್ಲ.

ಖರ್ಚಿನ ಮಾತು ಬಂತು. ಕದ್ದ ಪ್ಲಗಿನ್‌ಗಳು ನಮ್ಮಲ್ಲಿ ಧಾರಾಳವಾಗಿ ಓಡಾಡುತ್ತವೆ. ಅವುಗಳ ಜೊತೆ ವೈರಸ್ಸೂ ಬರುತ್ತದೆ. ಹೀಗೆ ಕದಿಯುವುದಕ್ಕೆ ಈಗ ಸಬೂಬು ಉಳಿದಿಲ್ಲ. ಮುದ್ರಣಕ್ಕೂ ಮಿಕ್ಸಿಂಗಿಗೂ ಒದಗುವ ರೀಪರ್ ತಂತ್ರಾಂಶದ ಸಣ್ಣ ಬಳಕೆದಾರರ ಪರವಾನಗಿ 60 ಡಾಲರು, ಅದಕ್ಕೆ ಮೊದಲು 60 ದಿನ ಪೂರ್ತಿ ಪರೀಕ್ಷಿಸಬಹುದು. ಟಿಡಿಆರ್ ನೋವಾ ಎಂಬ ಇಕ್ಯೂ, ವೋಕ್ಸೆಂಗೊ ಸ್ಪ್ಯಾನ್ ಎಂಬ ಅಳತೆಯ ಪರದೆ, ವಲ್ಹಲ್ಲಾದ ಸೂಪರ್‌ಮ್ಯಾಸಿವ್ ರಿವರ್ಬ್ ಉಚಿತ. ಲಿನಕ್ಸ್‌ನಲ್ಲಿ ಆರ್ಡರ್ ಎಂಬ ಮುದ್ರಣ ತಂತ್ರಾಂಶ ಇದೆ. ಇಷ್ಟರಲ್ಲಿ ಒಂದು ಒಳ್ಳೆಯ ಭಜನೆಯ ಆಲ್ಬಂ ಮಾಡಿ ಮುಗಿಸಬಹುದು. ದೊಡ್ಡ ಕಂಪನಿಗಳನ್ನೇ ನೆಚ್ಚಿದವರಿಗೆ 2023ರ ಮಾರ್ಚ್ ಒಂದು ಪಾಠ. ವೇವ್ಸ್ ಕಂಪನಿ ಇದ್ದಕ್ಕಿದ್ದಂತೆ ಇನ್ನು ಖರೀದಿ ಇಲ್ಲ, ಚಂದಾ ಮಾತ್ರ ಎಂದು ಸಾರಿತು. ಬಳಕೆದಾರರು ರೊಚ್ಚಿಗೆದ್ದ ಮೇಲೆ ಕೆಲವೇ ದಿನಗಳಲ್ಲಿ ಹಿಂದೆ ಸರಿಯಿತು.

ಪ್ಲಗಿನ್‌ಗಳ ಆಯುಸ್ಸೂ ಕಡಿಮೆ. 2019ರಲ್ಲಿ ಆಪಲ್ ತನ್ನ ಕಂಪ್ಯೂಟರುಗಳಲ್ಲಿ 32 ಬಿಟ್ ತಂತ್ರಾಂಶಗಳನ್ನು ನಿಲ್ಲಿಸಿದಾಗ ಅದುವರೆಗೆ ನಡೆಯುತ್ತಿದ್ದ ಎಷ್ಟೋ ಪ್ಲಗಿನ್‌ಗಳು ಒಂದೇ ಅಪ್‌ಡೇಟಿಗೆ ನಿರುಪಯುಕ್ತವಾದವು. ವಿಎಸ್‌ಟಿಯ ಎರಡನೆಯ ಆವೃತ್ತಿಯನ್ನು ಅದನ್ನು ಹುಟ್ಟಿಸಿದ ಕಂಪನಿಯೇ ಕೈಬಿಟ್ಟಿದೆ. ಇವತ್ತು ಮಾಡಿದ ಮಿಕ್ಸನ್ನು ಹದಿನೈದು ವರ್ಷದ ನಂತರ ತೆರೆದರೆ ಇಕ್ಯೂ, ಕಂಪ್ರೆಸರ್, ರಿವರ್ಬ್‌ಗಳ ಜಾಗದಲ್ಲಿ ಖಾಲಿ ಮನೆಗಳು ಇರಬಹುದು. ಆಗ ಕೈಗೆ ಸಿಗುವುದು ಯಾವ ಪ್ಲಗಿನ್ನೂ ಮುಟ್ಟದ ಹಸಿ ಮುದ್ರಣ, ಅದನ್ನು ಯಾರಾದರೂ ಉಳಿಸಿದ್ದರೆ. ಹೊಸಬಾಳೆಯಂಥ ಊರಿನಲ್ಲಿ ಹಾಡು ಮುದ್ರಿಸಿಕೊಳ್ಳುವ ತಂಡಗಳು ಸ್ಟುಡಿಯೊದವರಿಂದ ಕೇಳಿ ಪಡೆಯಬೇಕಾದದ್ದು ಇದನ್ನೇ. ಮಾಸ್ಟರ್ ಆದ ಹಾಡಿನ ಜೊತೆಗೆ ಪ್ರತಿ ಮೈಕಿನ ಹಸಿ ಟ್ರ್ಯಾಕು, ವೇವ್ ಕಡತವಾಗಿ. ಹಾಡಿದವರ ಹೆಸರು, ಊರು, ದಿನಾಂಕ ಅದೇ ಫೋಲ್ಡರಿನಲ್ಲಿ ಬರೆದಿರಬೇಕು. 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ ಒಂದು ಮೈಕಿನ ಒಂದು ನಿಮಿಷಕ್ಕೆ 8.64 ಮೆಗಾಬೈಟ್. ಎರಡು ಮೈಕಿಟ್ಟು ರಾತ್ರಿಯಿಡೀ ಎಂಟು ತಾಸು ಅಂಟಿಗೆ-ಪಂಟಿಗೆ ಮುದ್ರಿಸಿದರೂ ಎಂಟೂವರೆ ಗಿಗಾಬೈಟ್ ದಾಟುವುದಿಲ್ಲ, ಹದಿನಾರು ಗಿಗಾಬೈಟಿನ ಪೆನ್‌ಡ್ರೈವಿನಲ್ಲಿ ಇನ್ನೂ ಅರ್ಧದಷ್ಟು ಜಾಗ ಮಿಗುತ್ತದೆ. ಒಂದು ಪ್ರತಿ ತಂಡದ ಹಿರಿಯರ ಮನೆಯಲ್ಲಿ, ಇನ್ನೊಂದು ಊರಿನ ಶಾಲೆಯಲ್ಲೋ ಗ್ರಂಥಾಲಯದಲ್ಲೋ ಇರಲಿ.